ಹುಬ್ಬಳ್ಳಿ–ಧಾರವಾಡದ ಪೌರಾಡಳಿತ ಮತ್ತು ಕಸದ ವಿನಿಯೋಗ: ಒಂದು ಐತಿಹಾಸಿಕ ಪರಿಶೀಲನೆ

ಅರಸುಮನೆತನಗಳ ಏಳುಬೀಳು, ಶಾಸನಗಳ ಕಾಲನಿರ್ಣಯ, ದೇವಾಲಯಗಳ ಶಿಲ್ಪ ಇವು ನಮ್ಮ ಇತಿಹಾಸ ವಿಭಾಗಗಳಲ್ಲಿ ಬಹುಕಾಲದಿಂದ ಅಭ್ಯಾಸಕ್ಕೆ ಒಳಗಾಗುತ್ತ ಬಂದ ವಿಷಯಗಳು. ಊರಿನ ಕಸವನ್ನು ಪೌರಸಂಸ್ಥೆ ಏನು ಮಾಡಿತು ಎಂಬ ಪ್ರಶ್ನೆಯು ಇವುಗಳ ಸಾಲಿನಲ್ಲಿ ಕುಳಿತುಕೊಳ್ಳುವಷ್ಟು ಗೌರವದ್ದೆಂದು ಮೊದಲ ನೋಟಕ್ಕೆ ತೋರಲಾರದು. ಆದರೆ ಬಳ್ಳಾರಿ ಜಿಲ್ಲೆಯ ಕುಡತಿನಿ, ಕುಪ್ಪಗಲ್ಲುಗಳ ಬೂದಿದಿಬ್ಬಗಳನ್ನು ಕುರಿತು ನಡೆದ ಚರ್ಚೆಯನ್ನು ಇಲ್ಲಿ ನೆನೆಯಬಹುದು. ಅವು ಜ್ವಾಲಾಮುಖಿಯ ಅವಶೇಷಗಳೆಂದೂ, ಕಬ್ಬಿಣ ಕರಗಿಸಿದ ಕಿಟ್ಟವೆಂದೂ ವಿದ್ವಾಂಸರು ಬಹುದಿನ ವಾದಿಸಿದರು. ಕೊನೆಗೆ ಎಫ್. ಆರ್. ಆಲ್ಚಿನ್ ಅವರು ೧೯೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನವಶಿಲಾಯುಗದ ಗೋಪಾಲಕರ ದೊಡ್ಡಿಗಳಲ್ಲಿ ಕೂಡಿದ ಸಗಣಿಯು ಸುಟ್ಟು ಆದ ದಿಬ್ಬಗಳೇ ಅವು ಎಂದು ಸಾಧಿಸಿ ತೋರಿಸಿದರು. ಕನ್ನಡ ನಾಡಿನ ಅತಿ ಪ್ರಾಚೀನ ಸ್ಮಾರಕಗಳಲ್ಲಿ ಕೆಲವು ತಿಪ್ಪೆಗಳೇ ಎಂದಾದಮೇಲೆ, ನಮ್ಮ ಕಾಲದ ತಿಪ್ಪೆಯ ಚರಿತ್ರೆಯನ್ನು ಬರೆಯುವುದಕ್ಕೆ ನಾವು ಸಂಕೋಚಪಡಬೇಕಾಗಿಲ್ಲ.

ಈ ಪರಿಶೀಲನೆಗೆ ಪ್ರೇರಣೆಯು ದೊರೆತುದು ನಮ್ಮ ನೆರೆಯ ಸಪ್ತಾಪುರದಲ್ಲಿ. ಕರ್ನಾಟಕ ಕಾಲೇಜಿನ ಸಮೀಪದ ಈ ಬಡಾವಣೆಯು ಈಗ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿಂದಲೂ, ನಾಡಿನ ನಾನಾ ಜಿಲ್ಲೆಗಳಿಂದ ಬಂದ ಅಭ್ಯರ್ಥಿಗಳ ಬಾಡಿಗೆ ಕೋಣೆಗಳಿಂದಲೂ ತುಂಬಿದೆ. ಇಲ್ಲಿ ಒಬ್ಬರು ಓದಿ ಮುಗಿಸಿದ ಮಾರ್ಗದರ್ಶಿ ಪುಸ್ತಕವು ಮತ್ತೊಬ್ಬರ ಕೈಗೆ ಅರ್ಧ ಬೆಲೆಗೆ ದಾಟುತ್ತದೆ; ಹರಿದ ಟಿಪ್ಪಣಿಗಳು ರದ್ದಿ ಅಂಗಡಿಯ ತಕ್ಕಡಿಗೆ ಏರುತ್ತವೆ. ಆದರೆ ಅದೇ ಓಣಿಯ ಮೂಲೆಯಲ್ಲಿ ಉಳಿದ ಅನ್ನ, ಚಹದ ಕಾಗದದ ಲೋಟ, ಪಲ್ಯೆ ಕಟ್ಟಿ ತಂದ ಪ್ಲಾಸ್ಟಿಕ್ ಚೀಲ ಇವೆಲ್ಲ ಒಂದೇ ಗಂಟಿನಲ್ಲಿ ಬಿದ್ದಿರುತ್ತವೆ. ಬೆಲೆಯುಳ್ಳದ್ದು ಬೇರೆಯಾಗುತ್ತದೆ, ಬೆಲೆಯಿಲ್ಲವೆಂದು ನಾವು ತಿಳಿದುದು ಬೆರೆಯುತ್ತದೆ. ಬೆರೆತುದನ್ನು ಬೇರೆಮಾಡುವವರು ಯಾರು? ಹುಬ್ಬಳ್ಳಿ–ಧಾರವಾಡದ ಕಸದ ಚರಿತ್ರೆಯು ಈ ಒಂದು ಪ್ರಶ್ನೆಗೆ ಬೇರೆಬೇರೆ ಕಾಲಗಳು ಕೊಟ್ಟ ಉತ್ತರಗಳ ಚರಿತ್ರೆಯೇ ಆಗಿದೆ ಎಂಬುದನ್ನು ನಾವು ಮುಂದೆ ತೋರಿಸಲು ಯತ್ನಿಸುವೆವು.

೧. ಪೌರಸಂಸ್ಥೆಗಳಿಗಿಂತ ಹಿಂದಿನ ಪರಿಸ್ಥಿತಿ

ಉತ್ತರ ಕರ್ನಾಟಕದ ಒಕ್ಕಲುತನದ ಮನೆಯಲ್ಲಿ ಕಸ ಎಂಬುದು ಬಹಳ ಹೊತ್ತು ಕಸವಾಗಿ ಉಳಿಯುತ್ತಿರಲಿಲ್ಲ. ಹೆಂಡಿಯಲ್ಲಿ ಒಂದು ಪಾಲು ನೆಲ ಸಾರಿಸುವುದಕ್ಕೂ, ಒಂದು ಪಾಲು ಕುಳ್ಳಿಗೂ, ಉಳಿದುದು ತಿಪ್ಪೆಗೂ ಸಲ್ಲುತ್ತಿತ್ತು. ಮುಸುರೆಯು ಎಮ್ಮೆಯ ಬಾನಿಗೆ, ಒಲೆಯ ಬೂದಿಯು ಪಾತ್ರೆಯ ಬಳಿಗೆ ಹೋಗುತ್ತಿದ್ದುವು. ಹಳೆಯ ಸೀರೆ ಧೋತರಗಳು ಪದರ ಪದರವಾಗಿ ಕೂಡಿ ಕೌದಿಯಾಗುತ್ತಿದ್ದುವು. ಮುಂಗಾರಿಗೆ ಮುನ್ನ ತಿಪ್ಪೆಯನ್ನು ಅಗೆದು ಚಕ್ಕಡಿಯಲ್ಲಿ ಹೇರಿ ಎರೆಹೊಲಕ್ಕೆ ಹಾಕುವುದು ವರ್ಷದ ನಿಯತವಾದ ಕೆಲಸವಾಗಿತ್ತು. ಕುರಿಗಾರರ ಹಿಂಡನ್ನು ಹೊಲದಲ್ಲಿ ರಾತ್ರಿ ತಂಗಿಸಿಕೊಂಡು, ಅದಕ್ಕಾಗಿ ಕಾಳು ಅಥವಾ ಹಣ ಕೊಡುವ ರೂಢಿಯಿಂದ ಗೊಬ್ಬರಕ್ಕೆ ಒಂದು ಬೆಲೆಯಿತ್ತೆಂಬುದು ಸ್ಪಷ್ಟವಾಗುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಲಕ್ಷಿಸಬೇಕು. ಮೊದಲನೆಯದು, ಬೇರ್ಪಡಿಸುವ ಕೆಲಸವು ವಸ್ತುವನ್ನು ಬಳಸಿದ ಮನೆಯಲ್ಲಿಯೇ, ಬಳಸಿದ ಗಳಿಗೆಯಲ್ಲಿಯೇ ನಡೆಯುತ್ತಿತ್ತು. ಅದನ್ನು ಮಾಡುತ್ತಿದ್ದವರು ಬಹುಮಟ್ಟಿಗೆ ಹೆಂಗಸರು. ಎರಡನೆಯದು, ತಿಪ್ಪೆಗೂ ಹೊಲಕ್ಕೂ ನಡುವಣ ದಾರಿಯು ಹತ್ತಿರದ್ದಾಗಿತ್ತು. ಊರು ಬೆಳೆದು ಪಟ್ಟಣವಾದಂತೆ ಈ ದಾರಿಯು ಉದ್ದವಾಯಿತು. ನಡುವೆ ಒಬ್ಬ ಮಧ್ಯಸ್ಥನು ಬೇಕಾದನು. ಆ ಸ್ಥಾನಕ್ಕೆ ಬಂದುದೇ ಪೌರಸಂಸ್ಥೆ.

೨. ಪೌರಸಂಸ್ಥೆ ಮತ್ತು ಆರೋಗ್ಯದೃಷ್ಟಿ

೧೮೫೦ರ ೨೬ನೆಯ ಕಾಯಿದೆಯ ಮೇರೆಗೆ ಹುಬ್ಬಳ್ಳಿಯಲ್ಲಿ ೧೮೫೫ರಲ್ಲಿಯೂ ಧಾರವಾಡದಲ್ಲಿ ೧೮೫೬ರಲ್ಲಿಯೂ ಪೌರಸಂಸ್ಥೆಗಳು ಸ್ಥಾಪಿತವಾದುವು. ೧೮೭೩ರ ಮುಂಬಯಿ ಜಿಲ್ಲಾ ಮ್ಯುನಿಸಿಪಲ್ ಕಾಯಿದೆ, ಲಾರ್ಡ್ ರಿಪನ್ನನ ೧೮೮೨ರ ನಿರ್ಣಯದ ತರುವಾಯ ಬಂದ ೧೮೮೪ರ ಕಾಯಿದೆ, ಅನಂತರ ೧೯೦೧ರ ಕಾಯಿದೆ, ಹೀಗೆ ಅವುಗಳ ಅಧಿಕಾರಗಳೂ ಕರ್ತವ್ಯಗಳೂ ವಿಸ್ತಾರವಾಗುತ್ತ ಬಂದುವು. ಬೀದಿಗಳನ್ನು ಗುಡಿಸುವುದು, ಹೊಲಸನ್ನು ಸಾಗಿಸುವುದು ಈ ಕಾಯಿದೆಗಳಲ್ಲಿ ಪೌರಸಂಸ್ಥೆಯ ಮುಖ್ಯ ಕರ್ತವ್ಯಗಳೆನಿಸಿದುವು. ಇವುಗಳ ವೆಚ್ಚಕ್ಕಾಗಿ ಪ್ರತ್ಯೇಕವಾದ ಆರೋಗ್ಯಪಟ್ಟಿಯನ್ನು ವಿಧಿಸುವ ಅಧಿಕಾರವೂ ದೊರೆಯಿತು.

ಈ ದೃಷ್ಟಿಯನ್ನು ಇನ್ನಷ್ಟು ಬಲಪಡಿಸಿದುದು ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ವ್ಯಾಧಿಯು ೧೮೯೮ರಲ್ಲಿ ಹುಬ್ಬಳ್ಳಿಯನ್ನು ಅತಿ ತೀವ್ರವಾಗಿ ಹಿಡಿಯಿತು. ಹಾಫ್ಕಿನ್ನನ ಲಸಿಕೆಯನ್ನು ಡಾ. ಲ್ಯೂಮನ್ನರು ಅಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಜನರಿಗೆ ಹಾಕಿದುದು ವೈದ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿಯಾಗಿದೆ. ಇಂಥ ಅನುಭವದ ನಂತರ ಮನೆಯ ಹಿಂದಿನ ತಿಪ್ಪೆಯು ಅಧಿಕಾರಿಗಳ ಕಣ್ಣಿಗೆ ಗೊಬ್ಬರದ ಕೋಶವಾಗಿ ಕಾಣದೆ, ರೋಗದ ನೆಲೆಯಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಕಸವನ್ನು ಆದಷ್ಟು ಬೇಗನೆ, ಆದಷ್ಟು ದೂರಕ್ಕೆ ಸಾಗಿಸಬೇಕು ಎಂಬುದೇ ಆಡಳಿತದ ಸೂತ್ರವಾಯಿತು. ಸಾಗಿಸಿದಮೇಲೆ ಅದು ಏನಾಗಬೇಕು ಎಂಬುದಕ್ಕೆ ಈ ಸೂತ್ರದಲ್ಲಿ ಉತ್ತರವಿರಲಿಲ್ಲ.

೩. ಒಕ್ಕಲುತನದ ದೃಷ್ಟಿ: ಗುಂಡಿ ಮತ್ತು ಹರಾಜು

ಆ ಉತ್ತರವು ಬಂದುದು ಒಕ್ಕಲುತನದ ಕಡೆಯಿಂದ. ಮುಂಬಯಿ ಪ್ರಾಂತದ ಪುಣೆಯಲ್ಲಿ ಊರಿನ ಮಲವನ್ನು ಬೂದಿಯೊಡನೆ ಬೆರಸಿ ಒಣಗಿಸಿ ಮಾಡಿದ ಗೊಬ್ಬರವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಕಬ್ಬಿನ ಬೆಳೆಗಾರರು ಹಣ ಕೊಟ್ಟು ಕೊಳ್ಳುತ್ತಿದ್ದರು. ಭಾರತದ ಒಕ್ಕಲುತನವನ್ನು ಕುರಿತ ವೋಲ್ಕರ್ ಅವರ ೧೮೯೩ರ ವರದಿಯಲ್ಲಿ ಪುಣೆಯ ಈ ಪದ್ಧತಿಯ ಪ್ರಸ್ತಾಪವಿದೆ. ಕಾಯಿದೆಯೂ ಇದಕ್ಕೆ ಅನುಕೂಲವಾಗಿತ್ತು. ೧೮೮೮ರ ಮುಂಬಯಿ ನಗರದ ಕಾಯಿದೆ, ೧೯೪೯ರ ಮುಂಬಯಿ ಪ್ರಾಂತೀಯ ಮಹಾನಗರಪಾಲಿಕೆಗಳ ಕಾಯಿದೆ ಇವುಗಳಲ್ಲಿ, ಸಂಗ್ರಹವಾದ ಕಸವು ಪಾಲಿಕೆಯ ಸ್ವತ್ತೆಂದೇ ಹೇಳಲಾಗಿದೆ. ಸ್ವತ್ತು ಎಂದಮೇಲೆ ಅದನ್ನು ಮಾರಲೂ ಬಹುದು.

ಇದಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಒದಗಿಸಿದ ಎರಡು ಪ್ರಯೋಗಗಳನ್ನು ಇಲ್ಲಿ ಹೆಸರಿಸಬೇಕು. ಸರ್ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಅವರು ಇಂದೂರಿನಲ್ಲಿ ರೂಪಿಸಿ ೧೯೩೧ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ, ಕಸದ ರಾಶಿಯನ್ನು ಗಾಳಿಯಾಡುವಂತೆ ಆಗಾಗ ತಿರುವಿಹಾಕಬೇಕಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ೧೯೩೯ರ ಸುಮಾರಿಗೆ ರೂಪಿಸಿದುದು ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾಯಿತು. ಇದರಲ್ಲಿ ಸುಮಾರು ಮೂರು ಅಡಿ ಆಳದ ಗುಂಡಿಗಳಲ್ಲಿ ಊರಕಸದ ಒಂದು ಪದರ, ಮಲದ ಒಂದು ತೆಳುವಾದ ಪದರ, ಹೀಗೆ ಒಂದರ ಮೇಲೊಂದು ತುಂಬಿ, ಮೇಲೆ ಮಣ್ಣಿನಿಂದ ಮುಚ್ಚಿಬಿಡುತ್ತಿದ್ದರು. ಮೊದಲ ಕೆಲವು ದಿನಗಳಲ್ಲಿ ಹುಟ್ಟುವ ಕಾವು ನೊಣದ ಮರಿಗಳನ್ನೂ ರೋಗಾಣುಗಳನ್ನೂ ಬಹುಮಟ್ಟಿಗೆ ನಾಶಮಾಡುತ್ತಿತ್ತು. ಅನಂತರ ಆರೆಂಟು ತಿಂಗಳಲ್ಲಿ ಗೊಬ್ಬರವು ತಾನಾಗಿಯೇ ಮಾಗುತ್ತಿತ್ತು. ತಿರುವಿಹಾಕುವ ಕೂಲಿಯಿಲ್ಲ, ನೀರಿನ ಖರ್ಚು ಅಲ್ಪ. ಹಣದ ಅಡಚಣೆಯುಳ್ಳ ಪುರಸಭೆಗಳಿಗೆ ಇದು ಒಪ್ಪಿಗೆಯಾದುದು ಸಹಜವೇ. ಎರಡನೆಯ ಮಹಾಯುದ್ಧದ ಕಾಲದ ಆಹಾರದ ಅಭಾವವೂ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯೂ ಇದಕ್ಕೆ ಸರಕಾರದ ಬೆಂಬಲವನ್ನು ತಂದುವು. ೧೯೪೭ರ ಡಿಸೆಂಬರಿನಲ್ಲಿ ಮೀರಾಬೆನ್ನರ ಪ್ರೇರಣೆಯಿಂದ ದೆಹಲಿಯಲ್ಲಿ ಅಖಿಲ ಭಾರತ ಕಂಪೋಸ್ಟ್ ಸಮ್ಮೇಳನವೇ ನೆರೆಯಿತು.

ಹುಬ್ಬಳ್ಳಿ–ಧಾರವಾಡಗಳಲ್ಲಿ ಊರಿನ ಕಸವನ್ನು ಹೊರವಲಯದ ಗುಂಡಿಗಳಲ್ಲಿ ತುಂಬಿ, ಮಾಗಿದ ಬಳಿಕ ಸುತ್ತಣ ಹಳ್ಳಿಗಳ ರೈತರಿಗೆ ಹರಾಜಿನ ಮೂಲಕ ಮಾರುವ ಪದ್ಧತಿಯು ಬಹುಕಾಲ ನಡೆದುಬಂದಿತು. ಇಂದಿನ ಪರಿಭಾಷೆಯಲ್ಲಿ ‘ಮರುಬಳಕೆ’ ಎಂಬ ಘನವಾದ ಹೆಸರು ಆ ವ್ಯವಹಾರಕ್ಕೆ ಇರಲಿಲ್ಲ. ಪುರಸಭೆಗೆ ಅದು ಒಂದು ಸಣ್ಣ ಆದಾಯ. ರೈತನಿಗೆ ಅಗ್ಗದ ಗೊಬ್ಬರ. ಆದರೂ ಊರಿನ ಹೊಟ್ಟೆಗೆ ಹೊಲದಿಂದ ಬಂದುದರ ಒಂದು ಭಾಗವು ತಿರುಗಿ ಹೊಲಕ್ಕೆ ಸೇರುತ್ತಿತ್ತು, ಗುಂಡಿಯು ವರ್ಷವರ್ಷವೂ ಬರಿದಾಗುತ್ತಿತ್ತು ಎಂಬುದು ಮುಖ್ಯವಾದ ಮಾತು. ಬರಿದಾಗುವ ಗುಂಡಿಗೆ ಹೊಸ ಜಾಗ ಬೇಕಾಗುವುದಿಲ್ಲ.

೪. ಆ ಪದ್ಧತಿಯು ಯಾರ ಹೆಗಲ ಮೇಲಿತ್ತು?

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾವು ಹಳೆಯ ಕಾಲವನ್ನು ಕೊಂಡಾಡಿದಂತಾದೀತೇ ಹೊರತು ಇತಿಹಾಸವನ್ನು ಬರೆದಂತಾಗದು. ಗುಂಡಿಗೆ ಬಂದ ಮಲವು ತಾನಾಗಿ ನಡೆದುಬರಲಿಲ್ಲ. ಒಣ ಪಾಯಿಖಾನೆಗಳಿಂದ ಅದನ್ನು ಬಳಿದು, ತಲೆಯ ಮೇಲೆ ಹೊತ್ತು, ಬಂಡಿಗೆ ಸುರಿದವರು ಇದ್ದರು. ಅವರು ಹುಟ್ಟಿನಿಂದಲೇ ಆ ಕೆಲಸಕ್ಕೆ ಕಟ್ಟುಬಿದ್ದವರಾಗಿದ್ದರು. ಊರು ಅವರನ್ನು ಮುಟ್ಟುತ್ತಿರಲಿಲ್ಲ. ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರು ತಾವೇ ಮುಂದೆ ಬಂದು ಪಾಯಿಖಾನೆಗಳನ್ನು ಶುದ್ಧಗೊಳಿಸಿದುದು ಈ ಕಟ್ಟಿಗೆ ಕೊಟ್ಟ ಒಂದು ಪೆಟ್ಟು. ಆದರೆ ಅಧಿವೇಶನವು ಮುಗಿದಮೇಲೆ ಪಟ್ಟಣಗಳ ನಿತ್ಯದ ವ್ಯವಸ್ಥೆಯು ಮೊದಲಿನಂತೆಯೇ ಮುಂದುವರಿಯಿತು.

ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿ ಪೌರಾಡಳಿತದ ಮಂತ್ರಿಗಳಾಗಿದ್ದ ಶ್ರೀ ಬಿ. ಬಸವಲಿಂಗಪ್ಪನವರು ೧೯೭೦ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಅದೇ ದಶಕದಲ್ಲಿ ಶ್ರೀ ಐ. ಪಿ. ಡಿ. ಸಾಲಪ್ಪನವರ ಸಮಿತಿಯು ಝಾಡಮಾಲಿಗಳ ಜೀವನಸ್ಥಿತಿಯನ್ನು ಪರಿಶೀಲಿಸಿ ೧೯೭೬ರಲ್ಲಿ ವರದಿಯನ್ನು ಒಪ್ಪಿಸಿತು. ಪ್ರತಿ ೫೦೦ ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕನಿರಬೇಕೆಂಬ ಅದರ ಸಲಹೆಯು ಇಂದಿಗೂ ಪೌರಕಾರ್ಮಿಕರ ಬೇಡಿಕೆಗಳಲ್ಲಿ ಉಲ್ಲೇಖಗೊಳ್ಳುತ್ತದೆ. ಸಂಸತ್ತು ೧೯೯೩ರಲ್ಲಿಯೂ ಪುನಃ ೨೦೧೩ರಲ್ಲಿಯೂ ಈ ಬಗ್ಗೆ ಕಾಯಿದೆ ಮಾಡಬೇಕಾಯಿತು. ಆದರೂ ೧೯೯೭ರವರೆಗೆ ಅವಿಭಕ್ತ ಧಾರವಾಡ ಜಿಲ್ಲೆಗೆ ಸೇರಿದ್ದ ಸವಣೂರಿನಲ್ಲಿ, ೨೦೧೦ರ ಜುಲೈ ತಿಂಗಳಲ್ಲಿ, ಮಲ ಹೊರುವ ಕೆಲಸದ ಕುಟುಂಬಗಳವರು ಪುರಸಭೆಯ ಎದುರಿನಲ್ಲಿ ಮೈಗೆ ಮಲ ಬಳಿದುಕೊಂಡು ಪ್ರತಿಭಟಿಸಿದರು. ಆ ದಿನ ನಾಡು ತಲೆ ತಗ್ಗಿಸಬೇಕಾಯಿತು.

ಆದುದರಿಂದ ಹಳೆಯ ಪದ್ಧತಿಯ ಒಂದು ಕಂಬವು ಬೀಳಲೇಬೇಕಾಗಿತ್ತು. ಬಿದ್ದುದು ನ್ಯಾಯವೇ ಆಯಿತು. ಒಳಚರಂಡಿಗಳು ಬಂದಂತೆ ಗುಂಡಿಗೆ ಮಲವು ಬರುವುದು ನಿಂತಿತು. ಪ್ರಶ್ನೆಯಿರುವುದು ಇನ್ನೊಂದು ಕಂಬದ ವಿಷಯದಲ್ಲಿ. ಅಡಿಗೆಮನೆಯ, ಕಾಯಿಪಲ್ಯೆಯ ಪೇಟೆಯ ಕಸವು ಹೊಲಕ್ಕೆ ಹೋಗುವುದು ಏಕೆ ನಿಂತಿತು?

೫. ಪದ್ಧತಿಯ ಕುಸಿತ

೧೯೬೨ರಲ್ಲಿ ಹುಬ್ಬಳ್ಳಿ ಧಾರವಾಡಗಳು ಕೂಡಿ ಒಂದೇ ಮಹಾನಗರಪಾಲಿಕೆಯಾದುವು. ಅವಳಿ ನಗರದ ಜನಸಂಖ್ಯೆಯು ೧೯೭೧ರಲ್ಲಿ ಸುಮಾರು ೩ ಲಕ್ಷ ೭೯ ಸಾವಿರ, ೧೯೯೧ರಲ್ಲಿ ೬ ಲಕ್ಷ ೪೮ ಸಾವಿರ, ೨೦೧೧ರಲ್ಲಿ ೯ ಲಕ್ಷ ೪೪ ಸಾವಿರದಷ್ಟಿತ್ತು. ಜನ ಹೆಚ್ಚಿದಂತೆ ಕಸವು ಹೆಚ್ಚಿತೆಂಬುದು ಹೇಳಬೇಕಾದ ಮಾತೇ ಅಲ್ಲ. ಅದಕ್ಕಿಂತ ಗಮನಾರ್ಹವಾದುದು ಕಸದ ಗುಣವು ಬದಲಾದುದು. ಕಟ್ಟಿಗೆಯ ಒಲೆ ಹೋಗಿ ಗ್ಯಾಸಿನ ಒಲೆ ಬಂದಿತು, ಬೂದಿ ಹೋಯಿತು. ಎಲೆಯಲ್ಲಿ, ಕಾಗದದಲ್ಲಿ ಕಟ್ಟುತ್ತಿದ್ದ ಸಾಮಾನು ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿತು.

ಈ ಬದಲಾವಣೆಯ ಪರಿಣಾಮವನ್ನು ನಮ್ಮ ಅದೃಷ್ಟಕ್ಕೆ ಅದೇ ಕಾಲದಲ್ಲಿ ಅಭ್ಯಸಿಸಿದವರಿದ್ದಾರೆ. ೧೯೯೦ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸಂಶೋಧಕರು ಧಾರವಾಡದ ವಿದ್ವಾಂಸರೊಡನೆ ಕೂಡಿ ಅವಳಿ ನಗರದ ಸುತ್ತಣ ಹಳ್ಳಿಗಳಲ್ಲಿ ಅಭ್ಯಾಸ ನಡೆಸಿದರು. ಫಿಯೋನಾ ನುನನ್ ಅವರು ೨೦೦೦ದಲ್ಲಿ ಪ್ರಕಟಿಸಿದ ಲೇಖನವು ಇಲ್ಲಿಯ ಕಸದ ಮಾರುಕಟ್ಟೆಯನ್ನೇ ಕುರಿತದ್ದು. ಅದರಿಂದ ತಿಳಿದುಬರುವುದೇನೆಂದರೆ, ಕಸವನ್ನು ಕೊಳ್ಳುವ ರೈತರ ಆಸಕ್ತಿಯು ಕುಗ್ಗುತ್ತ ಬಂದುದಕ್ಕೆ ಅದರಲ್ಲಿ ಬೆರೆತ ಪ್ಲಾಸ್ಟಿಕ್ಕು, ಗಾಜು ಮುಂತಾದುವೇ ಒಂದು ದೊಡ್ಡ ಕಾರಣ. ಇವನ್ನು ಆರಿಸಿ ತೆಗೆಯಲು ಕೂಲಿ ಬೇಕು, ಕೂಲಿಯು ದುಬಾರಿಯಾಗುತ್ತಲಿತ್ತು. ಸಾಗಣೆಯ ವೆಚ್ಚವೂ ಇತ್ತು. ಮತ್ತೊಂದು ಕಡೆ ರಾಸಾಯನಿಕ ಗೊಬ್ಬರವು ಚೀಲದಲ್ಲಿ ಸುಲಭವಾಗಿ ದೊರೆಯುತ್ತಿತ್ತು.

ಇದರ ಅರ್ಥವನ್ನು ನಾವು ಸರಿಯಾಗಿ ಗ್ರಹಿಸಬೇಕು. ರೈತನಿಗೆ ಗೊಬ್ಬರವು ಬೇಡವಾಗಲಿಲ್ಲ, ಬೆರಕೆಯು ಬೇಡವಾಯಿತು. ಗಾಜಿನ ಚೂರು ಬೆರೆತ ಗೊಬ್ಬರವನ್ನು ಹೊಲಕ್ಕೆ ಹಾಕಿದರೆ ಬಿತ್ತುವವನ ಕಾಲಿಗೂ ಎತ್ತಿನ ಗೊರಸಿಗೂ ಅಪಾಯ. ಪ್ಲಾಸ್ಟಿಕ್ಕಿನ ಹಾಳೆಯು ಮಣ್ಣಿನಲ್ಲಿ ಕೂತರೆ ನೀರು ಇಳಿಯದು, ಬೇರು ಹಾಯದು. ಪೇಟೆಯು ತನ್ನ ಮನೆಯಲ್ಲಿ ಕ್ಷಣಾರ್ಧದಲ್ಲಿ ಮಾಡಬಹುದಾಗಿದ್ದ ಬೇರ್ಪಡಿಕೆಯನ್ನು ಹಳ್ಳಿಯ ಹೊಲದಲ್ಲಿ ದಿನಗಟ್ಟಲೆ ಮಾಡುವ ಹೊರೆಯು ರೈತನ ಮೇಲೆ ಬಿದ್ದಿತ್ತು. ಅವನು ಅದನ್ನು ಒಲ್ಲೆನೆಂದುದೇ ತಡ, ಗುಂಡಿಯು ಬರಿದಾಗುವುದು ನಿಂತಿತು. ಗುಂಡಿಯಿದ್ದಲ್ಲಿ ಗುಡ್ಡ ಬೆಳೆಯಿತು. ಧಾರವಾಡದ ಹೊಸಯಲ್ಲಾಪುರದಲ್ಲಿಯೂ ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿಯೂ ಎದ್ದುನಿಂತ ರಾಶಿಗಳು ಈ ಮುರಿದ ವ್ಯವಹಾರದ ಸ್ಮಾರಕಗಳೆಂದೇ ಹೇಳಬಹುದಾಗಿದೆ.

೬. ಕಾನೂನಿನ ಯುಗ

ಇದು ನಮ್ಮ ಊರೊಂದರದೇ ಕಥೆಯಲ್ಲ. ೧೯೯೪ರಲ್ಲಿ ಸೂರತ್ತಿನಲ್ಲಿ ತೋರಿದ ಪ್ಲೇಗಿನ ಭಯವು ದೇಶದ ಲಕ್ಷ್ಯವನ್ನು ಪುನಃ ಪಟ್ಟಣಗಳ ಕಸದತ್ತ ಸೆಳೆಯಿತು. ನೂರು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಆದಂತೆಯೇ, ಈ ಸಲವೂ ಆಡಳಿತವನ್ನು ಎಬ್ಬಿಸಿದುದು ರೋಗದ ಭೀತಿಯೇ ಎಂಬುದು ಗಮನಿಸತಕ್ಕ ಸಂಗತಿ. ೧೯೯೬ರಲ್ಲಿ ಬೆಂಗಳೂರಿನ ಶ್ರೀಮತಿ ಅಲ್ಮಿತ್ರಾ ಪಟೇಲರು ಸರ್ವೋಚ್ಚ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. ಅದರ ಫಲವಾಗಿ ೨೦೦೦ದ ಪೌರ ಘನತ್ಯಾಜ್ಯ ನಿಯಮಗಳು ಬಂದುವು. ಕೊಳೆಯುವ ಕಸವನ್ನು ಗೊಬ್ಬರ ಮಾಡಬೇಕು, ಮರುಬಳಕೆಗೆ ಬರುವುದನ್ನು ಬೇರೆ ತೆಗೆಯಬೇಕು, ಯಾವುದಕ್ಕೂ ಬಾರದ್ದನ್ನು ಮಾತ್ರ ನೆಲದಲ್ಲಿ ಹೂಳಬೇಕು ಎಂಬುದು ಅವುಗಳ ತಿರುಳಾಗಿತ್ತು. ೨೦೧೬ರ ನಿಯಮಗಳು ಮುಂದುವರಿದು, ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರು ಬಗೆಯಾಗಿ ಬೇರೆಮಾಡಿ ಕೊಡುವ ಹೊಣೆಯನ್ನು ಮನೆಯವರ ಮೇಲೆಯೇ ಹೊರಿಸಿದುವು. ಚಿಂದಿ ಆಯುವವರ ಕೆಲಸಕ್ಕೂ ಮನ್ನಣೆ ಕೊಟ್ಟುವು. ಅದೇ ವರ್ಷದ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಪ್ಲಾಸ್ಟಿಕ್ ಚೀಲ ಮುಂತಾದುವನ್ನು ನಿಷೇಧಿಸಿತು.

ಬೆಂಗಳೂರಿನ ಅನುಭವವು ಈ ನಿಯಮಗಳ ಅವಶ್ಯಕತೆಯನ್ನು ಕಹಿಯಾಗಿ ತೋರಿಸಿಕೊಟ್ಟಿತು. ರಾಜ್ಯ ಸರಕಾರವು ೧೯೭೫ರಲ್ಲಿಯೇ ಅಲ್ಲಿ ಕಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತ್ತು. ಆದರೆ ನಗರವು ಬೆಳೆದ ವೇಗಕ್ಕೆ ಅದು ಸಾಲದಾಯಿತು. ಮಾವಳ್ಳಿಪುರದ ತಾಣವು ೨೦೧೨ರಲ್ಲಿ ಮುಚ್ಚಿತು. ಮಂಡೂರಿನ ಗ್ರಾಮಸ್ಥರು ನಗರದ ಕಸವನ್ನು ಒಲ್ಲೆವೆಂದು ಹೋರಾಡಿ, ೨೦೧೪ರ ಕೊನೆಗೆ ಅದನ್ನು ನಿಲ್ಲಿಸಿದರು. ರೈತನು ಬೆರಕೆಯ ಕಸವನ್ನು ಹಣ ಕೊಟ್ಟು ಕೊಳ್ಳಲು ಒಲ್ಲೆನೆಂದುದು ಮೊದಲನೆಯ ಘಟ್ಟ. ಪುಕ್ಕಟೆಯಾಗಿ ಊರಬಳಿ ಸುರಿಯಲೂ ಒಲ್ಲೆನೆಂದುದು ಎರಡನೆಯ ಘಟ್ಟ. ೨೦೧೫ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಬೆಂಗಳೂರಿನ ಪ್ರತಿ ಮನೆಯಲ್ಲಿ ಎರಡು ಬುಟ್ಟಿ, ಒಂದು ಚೀಲ ಇರಬೇಕೆಂದು ವಿಧಿಸಿತು.

ಅವಳಿ ನಗರದ ಪಾಲಿಕೆಯೂ ಮನೆಮನೆಯ ಸಂಗ್ರಹಣೆಯನ್ನು ಆರಂಭಿಸಿ, ಈಚಿನ ವರ್ಷಗಳಲ್ಲಿ ಹಳೆಯ ರಾಶಿಗಳನ್ನು ಅಗೆದು ಜರಡಿ ಹಿಡಿದು ಮಣ್ಣು, ಕಲ್ಲು, ಪ್ಲಾಸ್ಟಿಕ್ಕುಗಳನ್ನು ಬೇರೆಮಾಡುವ ಕೆಲಸವನ್ನು ಕೈಗೊಂಡಿದೆ. ಈ ಕೆಲಸಕ್ಕೆ ‘ಬಯೋಮೈನಿಂಗ್’ ಎಂದು ಹೆಸರು. ಅಂದರೆ ಮನೆಯೊಳಗೆ ಮೂಲದಲ್ಲಿ ಆಗದ ಬೇರ್ಪಡಿಕೆಯನ್ನು ಹತ್ತಾರು ವರ್ಷಗಳ ಮೇಲೆ, ಯಂತ್ರಗಳಿಂದ, ಸಾರ್ವಜನಿಕರ ಹಣದಿಂದ ಮಾಡಬೇಕಾಗಿ ಬಂದಿದೆ. ಪುರಾತತ್ತ್ವಜ್ಞನ ಜರಡಿಯು ಪೌರಾಡಳಿತದ ಉಪಕರಣವಾಗಿದೆ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಮಾತುಗಳು ಸಿದ್ಧವಾಗುತ್ತವೆ. ಒಂದು, ಕಸವನ್ನು ನೆಲಕ್ಕೆ ತುಂಬದೆ ಬಳಕೆಗೆ ತರುವುದು ನಮ್ಮ ಊರಿಗೆ ಹೊರಗಿನಿಂದ ಬಂದ ಹೊಸ ವಿಚಾರವಲ್ಲ. ಅದು ಇಲ್ಲಿ ನಡೆದು, ನಮ್ಮ ಜೀವಮಾನದಲ್ಲಿಯೇ ನಿಂತುಹೋದ ಪದ್ಧತಿ. ಎರಡು, ಆ ಪದ್ಧತಿಯನ್ನು ಇದ್ದಂತೆಯೇ ಮರಳಿ ತರಲಾಗದು, ತರಲೂ ಕೂಡದು. ಏಕೆಂದರೆ ಅದರ ಒಂದು ಭಾಗವು ಮನುಷ್ಯರ ಅವಮಾನದ ಮೇಲೆ ನಿಂತಿತ್ತು. ಮೂರು, ಅದು ಕುಸಿದುದು ಬರಿಯ ಅಧಿಕಾರಿಗಳ ಅಲಕ್ಷ್ಯದಿಂದಲ್ಲ. ಬೇರ್ಪಡಿಸುವ ಹೊಣೆಯನ್ನು ಮನೆಯು ಕೈಬಿಟ್ಟು, ಅದನ್ನು ರೈತನ ಮೇಲೆ, ಚಿಂದಿ ಆಯುವವರ ಮೇಲೆ, ಪೌರಕಾರ್ಮಿಕರ ಮೇಲೆ ಹೊರಿಸಿದುದರಿಂದ.

ಈ ಮೂರನೆಯ ಮಾತೇ ಇಂದಿಗೆ ಮುಖ್ಯವಾದುದು. ಬೆರೆತ ಕಸವನ್ನು ನಾವು ಗಾಡಿಗೆ ಕೊಟ್ಟಾಗ, ಬೇರ್ಪಡಿಸುವ ಕೆಲಸವು ಇಲ್ಲದಂತಾಗುವುದಿಲ್ಲ. ಅದು ಇನ್ನೊಬ್ಬರ ಬರಿಗೈಗೆ ದಾಟುತ್ತದೆ. ಆ ಇನ್ನೊಬ್ಬರು ಯಾರು ಎಂಬುದನ್ನು ಕೇಳಿದರೆ, ತಲೆಯ ಮೇಲಿನ ಬುಟ್ಟಿಯು ಇಳಿದರೂ ಅದರ ನೆರಳು ಇನ್ನೂ ಉಳಿದಿದೆಯೆಂಬುದು ಗೊತ್ತಾಗುತ್ತದೆ. ಹಸಿ ಕಸವನ್ನೂ ಒಣ ಕಸವನ್ನೂ ಬೇರೆಬೇರೆ ಬುಟ್ಟಿಗಳಲ್ಲಿ ಹಾಕುವುದನ್ನು ನಾವು ಸಾಮಾನ್ಯವಾಗಿ ಸ್ವಚ್ಛತೆಯ ವಿಷಯವೆಂದು ತಿಳಿಯುತ್ತೇವೆ. ಇತಿಹಾಸದ ದೃಷ್ಟಿಯಿಂದ ನೋಡಿದರೆ ಅದು ಸಮಾನತೆಯ ವಿಷಯವೂ ಆಗಿದೆ.

೨೦೨೫ರ ಜನವರಿಯಲ್ಲಿ ರಾಜ್ಯದ ಮಂತ್ರಿಮಂಡಲವು ಧಾರವಾಡಕ್ಕೆ ಪ್ರತ್ಯೇಕ ಮಹಾನಗರಪಾಲಿಕೆಯನ್ನು ರಚಿಸಲು ಒಪ್ಪಿಗೆ ನೀಡಿತು. ೧೮೫೬ರಲ್ಲಿ ತನ್ನದೇ ಪೌರಸಂಸ್ಥೆಯನ್ನು ಪಡೆದಿದ್ದ ಊರು, ೧೯೬೨ರಿಂದ ಹುಬ್ಬಳ್ಳಿಯೊಡನೆ ಕೂಡಿ ನಡೆದು, ಈಗ ಮತ್ತೆ ತನ್ನ ದಾರಿಯನ್ನು ಹಿಡಿಯಬಯಸಿದೆ. ಹೊಸ ಸಂಸ್ಥೆಯ ಮೇಜಿನ ಮೇಲೆ ಬರುವ ಮೊದಲ ಕಡತಗಳಲ್ಲಿ ಕಸದ ಕಡತವೂ ಒಂದಾಗಿರುವುದರಲ್ಲಿ ಸಂದೇಹವಿಲ್ಲ. ಸುತ್ತಣ ಹಳ್ಳಿಗಳ ಎರೆಹೊಲಗಳು ಇಂದಿಗೂ ಗೊಬ್ಬರವನ್ನು ಬೇಡುತ್ತಿವೆ. ಕೃಷಿ ವಿಶ್ವವಿದ್ಯಾಲಯವೂ ಊರಿನ ಅಂಚಿನಲ್ಲಿಯೇ ಇದೆ. ಕೊಳ್ಳುವವನು ಇದ್ದಾನೆ, ತಿಳಿದವರು ಇದ್ದಾರೆ. ಬೆರಕೆಯಿಲ್ಲದ ಸರಕನ್ನು ಒದಗಿಸುವುದು ಪೇಟೆಯವರ ಪಾಲಿಗೆ ಉಳಿದಿದೆ.

ಸಪ್ತಾಪುರದ ಕೋಣೆಗಳಲ್ಲಿ ಇಂದು ಓದುತ್ತಿರುವವರಲ್ಲಿ ಕೆಲವರು ನಾಳೆ ಪೌರಾಯುಕ್ತರೂ ಮುಖ್ಯಾಧಿಕಾರಿಗಳೂ ಆಗಿ ನಾಡಿನ ಊರುಗಳಿಗೆ ಹೋಗುವವರು. ೨೦೧೬ರ ನಿಯಮಗಳಲ್ಲಿ ಕಸದ ಬಗೆಗಳೆಷ್ಟು ಎಂಬ ಪ್ರಶ್ನೆಗೆ ಅವರು ಪರೀಕ್ಷೆಯಲ್ಲಿ ಸರಿಯಾದ ಉತ್ತರವನ್ನೇ ಬರೆಯುವರು. ಅದೇ ಉತ್ತರವನ್ನು ತಮ್ಮ ಕೋಣೆಯ ಬಾಗಿಲ ಹಿಂದಿನ ಬುಟ್ಟಿಯಲ್ಲಿಯೂ ಇಂದೇ ಬರೆದಾರೆಂದು ನಾವು ಆಶಿಸುತ್ತೇವೆ.